ರೆಸ್ಯೂಮ್‌ನಲ್ಲಿ ಮೂರು ವರ್ಷದ ಬಿಡುವು: ಕಾರಣ ಬರೆಯಬೇಕೇ, ಸುಮ್ಮನೆ ಬಿಡಬೇಕೇ?

ಲೆಕ್ಕದ ಮೇಜು:
ಎಲ್ಲರಿಗೂ ನಮಸ್ಕಾರ. ನಾನು ಲೆಕ್ಕಪತ್ರ ವಿಭಾಗದಲ್ಲಿ ಒಂಬತ್ತು ವರ್ಷ ದುಡಿದವಳು. ತಂದೆಯವರು ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಾಗ ಕೆಲಸ ಬಿಟ್ಟೆ. ಅವರು ತೀರಿಕೊಳ್ಳುವವರೆಗಿನ ಎರಡೂವರೆ ವರ್ಷ ಅವರ ಆರೈಕೆಯಲ್ಲೇ ಕಳೆಯಿತು. ಈಗ ಆರು ತಿಂಗಳಿಂದ ಕೆಲಸ ಹುಡುಕುತ್ತಿದ್ದೇನೆ. ನಲವತ್ತಕ್ಕೂ ಹೆಚ್ಚು ಅರ್ಜಿ ಹಾಕಿದ್ದರೂ ಸಂದರ್ಶನಕ್ಕೆ ಕರೆ ಬಂದದ್ದು ನಾಲ್ಕು ಕಡೆಯಿಂದ ಮಾತ್ರ.

ಕಳೆದ ವಾರದ ಸಂದರ್ಶನದ ಮೊದಲ ಇಪ್ಪತ್ತು ನಿಮಿಷ ಚೆನ್ನಾಗಿಯೇ ನಡೆಯಿತು. ತಿಂಗಳ ಕೊನೆಯಲ್ಲಿ ಬ್ಯಾಂಕಿನ ಲೆಕ್ಕಕ್ಕೂ ನಮ್ಮ ಪುಸ್ತಕಕ್ಕೂ ತಾಳೆಯಾಗದಿದ್ದರೆ ಮೊದಲು ಏನನ್ನು ನೋಡುತ್ತೀರಿ ಎಂದು ಕೇಳಿದರು. ನಾನು ಹೇಳಿದ್ದಕ್ಕೆ ತಲೆದೂಗಿದರು. ಆಮೇಲೆ ಹಿರಿಯ ಸಂದರ್ಶಕರು ರೆಸ್ಯೂಮ್‌ನ ಎರಡನೆಯ ಹಾಳೆಗೆ ಹೋಗಿ, ಎರಡು ಇಸವಿಗಳ ನಡುವಿನ ಖಾಲಿ ಜಾಗಕ್ಕೆ ಪೆನ್ಸಿಲ್‌ನಿಂದ ಒಂದು ಸುತ್ತು ಹಾಕಿ, ಆ ಹಾಳೆಯನ್ನು ನನ್ನ ಕಡೆಗೆ ತಿರುಗಿಸಿ ಇಟ್ಟರು. ಬಾಯಿಬಿಟ್ಟು ಏನನ್ನೂ ಕೇಳಲಿಲ್ಲ. ನಾನೇ ತಂದೆಯ ಕಾಯಿಲೆಯ ವಿಷಯ ಎತ್ತಿ ಆರೇಳು ನಿಮಿಷ ಮಾತನಾಡಿಬಿಟ್ಟೆ, ಕೊನೆಕೊನೆಗೆ ಗಂಟಲು ಕಟ್ಟಿತು. ಅಲ್ಲಿಂದ ಮುಂದೆ ಕೆಲಸದ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ.

ಹಳೆಯ ಕೆಲಸ ಬಿಟ್ಟ ದಿನಾಂಕವನ್ನೇ ಮುಂದಕ್ಕೆ ಹಾಕಿಬಿಡು ಎಂದು ಒಬ್ಬರು ಸಲಹೆ ಕೊಟ್ಟಿದ್ದಾರೆ. ‘ಸ್ವತಂತ್ರ ಸಲಹೆಗಾರ್ತಿ’ ಎಂದು ಬರೆದುಕೋ ಎಂದು ಇನ್ನೊಬ್ಬರು ಹೇಳಿದ್ದಾರೆ. ಇದ್ದದ್ದನ್ನು ಇದ್ದ ಹಾಗೆ ಬರೆದರೆ ಕರೆಯೇ ಬರುವುದಿಲ್ಲವೇನೋ ಎಂಬ ಭಯ ನನ್ನದು. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಎರಡನೇ ಇನ್ನಿಂಗ್ಸ್:
ದಿನಾಂಕವನ್ನು ಮಾತ್ರ ತಿದ್ದಬೇಡಿ ಮೇಡಂ. ಉಳಿದದ್ದನ್ನೆಲ್ಲ ಆಮೇಲೆ ಮಾತನಾಡೋಣ.

ನೇಮಕಾತಿ ವಿಭಾಗದಿಂದ:
ಮೇಲಿನವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ನಾನು ಹದಿನಾಲ್ಕು ವರ್ಷದಿಂದ ನೇಮಕಾತಿಯ ಕೆಲಸದಲ್ಲಿದ್ದೇನೆ. ಹಿನ್ನೆಲೆ ಪರಿಶೀಲನೆ ಎಂದರೆ ದೊಡ್ಡ ತನಿಖೆ ಎಂದು ಬಹಳ ಮಂದಿ ತಿಳಿದಿರುತ್ತಾರೆ. ವಾಸ್ತವದಲ್ಲಿ ಹಿಂದಿನ ಸಂಸ್ಥೆಗೆ ನಾವು ಮೊದಲು ಕೇಳುವುದು ಮೂರೇ ವಿಷಯ: ಸೇರಿದ ದಿನ, ಬಿಟ್ಟ ದಿನ, ಹುದ್ದೆ. ಬೇರೆ ಯಾವ ಪ್ರಶ್ನೆಗೂ ಉತ್ತರ ಕೊಡದ ಸಂಸ್ಥೆಗಳೂ ಈ ಮೂರಕ್ಕೆ ಉತ್ತರ ಕೊಡುತ್ತವೆ. ಅಂದರೆ ನಿಮಗೆ ಸಲಹೆ ಕೊಟ್ಟವರು ಅತ್ಯಂತ ಸುಲಭವಾಗಿ ಸಿಕ್ಕಿಬೀಳುವ ಸುಳ್ಳನ್ನೇ ಆರಿಸಿಕೊಟ್ಟಿದ್ದಾರೆ.

ಎರಡು ವರ್ಷದ ಹಿಂದೆ ನಾವೆಲ್ಲರೂ ಒಪ್ಪಿ ಆಯ್ಕೆ ಮಾಡಿದ್ದ ಅಭ್ಯರ್ಥಿಯೊಬ್ಬರು ಏಳು ತಿಂಗಳ ಬಿಡುವನ್ನು ಮುಚ್ಚಲು ದಿನಾಂಕ ತಿದ್ದಿದ್ದರು. ಆಫರ್ ಲೆಟರ್ ಕೈಸೇರಿ, ಅವರು ಹಳೆಯ ಕಡೆ ರಾಜೀನಾಮೆಯನ್ನೂ ಕೊಟ್ಟಾಗಿತ್ತು. ಪರಿಶೀಲನೆಯ ವರದಿ ಬಂದ ಮೇಲೆ ಆಫರ್ ಹಿಂತೆಗೆದುಕೊಳ್ಳುವ ಪತ್ರವನ್ನು ನಾನೇ ಬರೆಯಬೇಕಾಯಿತು. ಆ ಏಳು ತಿಂಗಳ ವಿಷಯವನ್ನು ಅವರು ಮೊದಲೇ ಹೇಳಿದ್ದರೆ ನಮ್ಮಲ್ಲಿ ಯಾರೂ ಎರಡನೆಯ ಬಾರಿ ಅದರ ಬಗ್ಗೆ ಯೋಚಿಸುತ್ತಿರಲಿಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಹೊಸ ಪದವೀಧರ:
ಆದರೆ ಸರ್, ರೆಸ್ಯೂಮ್ ಮನುಷ್ಯರ ಕೈಗೆ ಬಂದರೆ ತಾನೇ ಈ ಮಾತೆಲ್ಲ? ಶೇಕಡಾ 75ರಷ್ಟು ರೆಸ್ಯೂಮ್‌ಗಳನ್ನು ಎಟಿಎಸ್ ಎಂಬ, ಸಂಸ್ಥೆಗಳು ಅರ್ಜಿಗಳನ್ನು ನಿರ್ವಹಿಸಲು ಬಳಸುವ ತಂತ್ರಾಂಶವೇ ತಿರಸ್ಕರಿಸುತ್ತದೆ ಎಂದು ಎಲ್ಲೆಡೆ ಓದಿದ್ದೇನೆ. ಬಿಡುವು ಕಂಡ ಕೂಡಲೇ ಯಂತ್ರ ಅದನ್ನು ಪಕ್ಕಕ್ಕೆ ಎಸೆಯುವುದಿಲ್ಲವೇ?

ನೇಮಕಾತಿ ವಿಭಾಗದಿಂದ:
ಆ 75ರ ಲೆಕ್ಕವನ್ನು ನಾನೂ ವರ್ಷಗಳಿಂದ ಕೇಳುತ್ತಿದ್ದೇನೆ. ಅದರ ಹಿಂದಿನ ಅಧ್ಯಯನವನ್ನು ತೋರಿಸಿದವರನ್ನು ಮಾತ್ರ ಕಂಡಿಲ್ಲ. ನಾನು ಬಳಸಿದ ತಂತ್ರಾಂಶಗಳು ಮುಖ್ಯವಾಗಿ ಅರ್ಜಿಗಳನ್ನು ಸಂಗ್ರಹಿಸಿ, ಹುಡುಕಲು ಅನುಕೂಲವಾಗುವಂತೆ ಜೋಡಿಸಿಡುತ್ತವೆ. ಅರ್ಜಿ ತುಂಬುವಾಗ ‘ಈ ಪರವಾನಗಿ ಇದೆಯೇ’, ‘ಇಷ್ಟು ವರ್ಷದ ಅನುಭವವಿದೆಯೇ’ ಎಂಬಂಥ ಪ್ರಶ್ನೆಗಳಿಗೆ ‘ಇಲ್ಲ’ ಎಂದರೆ ಅರ್ಜಿ ತಾನಾಗಿಯೇ ಬದಿಗೆ ಸರಿಯುವುದುಂಟು. ಉಳಿದಂತೆ ತಿರಸ್ಕರಿಸುವವರು ನಾವು ಮನುಷ್ಯರೇ, ಅದೂ ಬಹಳ ಅವಸರದಲ್ಲಿ.

ಎರಡು ಅಂಕಣದ ರೆಸ್ಯೂಮ್ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ನಿಮ್ಮ ಪಿಡಿಎಫ್‌ನಲ್ಲಿರುವ ಅಕ್ಷರಗಳನ್ನೆಲ್ಲ ನಕಲು ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿ ನೋಡಿ. ಎಡ ಅಂಕಣದ ‘ಭಾಷೆಗಳು’ ಎಂಬುದು ಬಲ ಅಂಕಣದ ಹುದ್ದೆಯ ಹೆಸರಿನ ನಡುವೆ ನುಗ್ಗಿದ್ದರೆ, ತಂತ್ರಾಂಶದ ಪರದೆಯ ಮೇಲೆ ನಮಗೂ ಅದು ಹಾಗೆಯೇ ಕಾಣುವ ಸಾಧ್ಯತೆ ಹೆಚ್ಚು.

ಕೋಡ್ ಬರೆಯುವವಳು:
ಯಂತ್ರಕ್ಕೆ ಪೂರ್ತಿ ಕ್ಲೀನ್ ಚಿಟ್ ಕೊಡುವುದು ಬೇಡ. ಅಮೆಜಾನ್ ಸಂಸ್ಥೆ ರೆಸ್ಯೂಮ್‌ಗಳಿಗೆ ಅಂಕ ಕೊಡುವ ತಂತ್ರಾಂಶವೊಂದನ್ನು ಕಟ್ಟಿ, ಕೊನೆಗೆ ಕೈಬಿಟ್ಟ ಸುದ್ದಿ 2018ರಲ್ಲಿ ಹೊರಬಂದಿತ್ತು. ಸಂಸ್ಥೆಗೆ ಹತ್ತು ವರ್ಷಗಳಲ್ಲಿ ಬಂದಿದ್ದ ರೆಸ್ಯೂಮ್‌ಗಳಿಂದ ಅದು ಕಲಿತಿತ್ತು. ಅವುಗಳಲ್ಲಿ ಹೆಚ್ಚಿನವು ಗಂಡಸರದ್ದಾಗಿದ್ದರಿಂದ ‘ಮಹಿಳೆಯರ’ ಎಂಬ ಪದವಿದ್ದ ರೆಸ್ಯೂಮ್‌ಗೆ ಅಂಕ ಕಡಿಮೆ ಕೊಡಲು ಕಲಿತುಬಿಟ್ಟಿತ್ತು. ಮನುಷ್ಯರು ಹಿಂದೆ ಮಾಡಿದ ಆಯ್ಕೆಯನ್ನೇ ಯಂತ್ರ ಅನುಕರಿಸುತ್ತದೆ. ಬಿಡುವಿದ್ದವರನ್ನು ನಾವು ಹಿಂದೆ ದೂರ ಇಟ್ಟಿದ್ದರೆ ಅದೂ ದೂರ ಇಡುತ್ತದೆ.

ಅಂಕಿಅಂಶದ ಓದುಗ:
ಮೂಲ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಪ್ರಯೋಗವೊಂದಿದೆ. ಬ್ರಿಟನ್ನಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ನಿಜವಾದ ಉದ್ಯೋಗದಾತರಿಗೆ 9,022 ಅರ್ಜಿಗಳನ್ನು ಕಳುಹಿಸಿದ್ದರು. ಕೆಲವು ರೆಸ್ಯೂಮ್‌ಗಳಲ್ಲಿ ಪ್ರತಿ ಕೆಲಸದ ಮುಂದೆ ‘ಇಂಥ ಇಸವಿಯಿಂದ ಇಂಥ ಇಸವಿಯವರೆಗೆ’ ಎಂದಿತ್ತು. ಇನ್ನು ಕೆಲವಲ್ಲಿ ಇಸವಿಯ ಬದಲು ‘4 ವರ್ಷ’ ಎಂಬಂತೆ ದುಡಿದ ಅವಧಿ ಮಾತ್ರ ಇತ್ತು. ಇಸವಿಯೊಂದಿಗೆ ಬಿಡುವು ಎದ್ದು ಕಾಣುತ್ತಿದ್ದ ರೆಸ್ಯೂಮ್‌ಗಳಿಗೆ ಹೋಲಿಸಿದರೆ ಅವಧಿ ಮಾತ್ರ ಬರೆದವುಗಳಿಗೆ ಸುಮಾರು ಶೇಕಡಾ 15ರಷ್ಟು ಹೆಚ್ಚು ಕರೆಗಳು ಬಂದವು. ಬಿಡುವೇ ಇಲ್ಲದ ಇಸವಿ ಸಹಿತ ರೆಸ್ಯೂಮ್‌ಗಳಿಗಿಂತಲೂ ಸುಮಾರು ಶೇಕಡಾ 8ರಷ್ಟು ಹೆಚ್ಚು ಬಂದವು.

ನನ್ನ ಗಮನ ಸೆಳೆದದ್ದು ಎರಡನೆಯ ಅಂಕಿ. ಬಿಡುವು ಮರೆಯಾದದ್ದಷ್ಟೇ ಕಾರಣವಾಗಿದ್ದರೆ ಈ ರೆಸ್ಯೂಮ್‌ಗಳು ಬಿಡುವಿಲ್ಲದವುಗಳನ್ನು ಹಿಂದೆ ಹಾಕುತ್ತಿರಲಿಲ್ಲ. ‘4 ವರ್ಷ’ ಎಂದು ಬರೆದಾಗ ಓದುವವರ ಕಣ್ಣಿಗೆ ಅನುಭವವೇ ಮೊದಲು ಬೀಳುತ್ತದೆ. ಇಸವಿ ಬರೆದರೆ ಅದನ್ನು ಅವರೇ ಕಳೆದು ಲೆಕ್ಕ ಹಾಕಬೇಕು.

ಹಳೆಯ ಟೆಸ್ಟರ್, ಇಬ್ಬರ ತಾಯಿ:
ಇದನ್ನು ನಾನು ಒಪ್ಪುವುದಿಲ್ಲ. ಇಸವಿಯನ್ನೇ ತೆಗೆದುಹಾಕುವುದು ಮುಚ್ಚಿಡುವುದಕ್ಕೆ ಇನ್ನೊಂದು ಹೆಸರು. ನಾನು ಮಕ್ಕಳಿಗಾಗಿ ನಾಲ್ಕು ವರ್ಷ ಮನೆಯಲ್ಲಿದ್ದೆ, ಅದನ್ನು ರೆಸ್ಯೂಮ್‌ನಲ್ಲಿ ಸ್ಪಷ್ಟವಾಗಿ ಬರೆದೆ, ಕೆಲಸವೂ ಸಿಕ್ಕಿತು. ಲಿಂಕ್ಡ್‌ಇನ್ ಕೂಡ 2022ರಲ್ಲಿ ವೃತ್ತಿ ಬಿಡುವನ್ನು ನಮೂದಿಸಲೆಂದೇ ಪ್ರತ್ಯೇಕ ಜಾಗ ಕೊಟ್ಟಿದೆ. ಆರೈಕೆ ನಾಚಿಕೆಪಡುವ ವಿಷಯವಲ್ಲ. ನಾವೇ ಅದನ್ನು ಅಡಗಿಸುತ್ತಾ ಹೋದರೆ ನಾಳೆ ಬರುವವರೂ ಅಡಗಿಸಲೇಬೇಕಾಗುತ್ತದೆ.

ಅಂಕಿಅಂಶದ ಓದುಗ:
ನಿಮ್ಮ ನಿಲುವಿನ ಬಗ್ಗೆ ನನಗೆ ಗೌರವವಿದೆ. ಆದರೆ ಒಬ್ಬರ ಅನುಭವವನ್ನು ಎಲ್ಲರಿಗೂ ಅನ್ವಯಿಸುವುದು ಕಷ್ಟ. 2018ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಕುಟುಂಬಕ್ಕಾಗಿ ಕೆಲಸ ಬಿಟ್ಟೆ ಎಂದು ತಿಳಿಸಿದ ತಂದೆ ತಾಯಿಯರಿಗೆ, ಕೆಲಸ ಕಳೆದುಕೊಂಡು ಅಷ್ಟೇ ಕಾಲ ಮನೆಯಲ್ಲಿದ್ದವರಿಗಿಂತಲೂ ಕಡಿಮೆ ಕರೆಗಳು ಬಂದಿದ್ದವು. ಕಾರಣ ತಿಳಿದ ಮೇಲೆ ಉದ್ಯೋಗದಾತರ ಮನಸ್ಸು ಮೃದುವಾಗಬೇಕಿತ್ತು, ಅಲ್ಲಿ ಆದದ್ದು ಅದಕ್ಕೆ ತದ್ವಿರುದ್ಧ. ಇದು ಸರಿ ಎಂದು ನಾನು ಹೇಳುತ್ತಿಲ್ಲ. ಕೆಲಸ ಹುಡುಕುತ್ತಿರುವವರು ಇದನ್ನು ತಿಳಿದಿರಬೇಕು, ಅಷ್ಟೇ.

ಹಳೆಯ ಟೆಸ್ಟರ್, ಇಬ್ಬರ ತಾಯಿ:
ಈ ಅಧ್ಯಯನದ ವಿಷಯ ನನಗೆ ಗೊತ್ತಿರಲಿಲ್ಲ. ಓದಿ ಬೇಸರವಾಯಿತು. ಆದರೂ ಕೇಳುತ್ತೇನೆ: ಸಂದರ್ಶನದಲ್ಲಿ ಇಸವಿ ಕೇಳಿದರೆ ಆಗ ಏನು ಹೇಳುವುದು?

ಅಂಕಿಅಂಶದ ಓದುಗ:
ಇದ್ದದ್ದನ್ನು ಇದ್ದ ಹಾಗೆ ಹೇಳುವುದು. ಅರ್ಜಿ ನಮೂನೆಯಲ್ಲಿ ದಿನಾಂಕದ ಕಾಲಂ ಇದ್ದರೆ ಅಲ್ಲಿಯೂ ಸರಿಯಾದ ದಿನಾಂಕವನ್ನೇ ತುಂಬುವುದು. ರೆಸ್ಯೂಮ್‌ನಲ್ಲಿ ಯಾವುದನ್ನು ಮೊದಲು ತೋರಿಸಬೇಕೆಂಬ ಆಯ್ಕೆ ನಮ್ಮದು. ಕೇಳಿದಾಗ ಸುಳ್ಳು ಹೇಳಿದರೆ ಮಾತ್ರ ಅದು ವಂಚನೆ.

ನಿವೃತ್ತ ವ್ಯವಸ್ಥಾಪಕ:
ಇಷ್ಟೆಲ್ಲ ಲೆಕ್ಕಾಚಾರ ಏಕೆಂದು ನನಗೆ ಅರ್ಥವಾಗುತ್ತಿಲ್ಲ. ಮೂವತ್ತು ವರ್ಷ ನೂರಾರು ಮಂದಿಯನ್ನು ಎದುರಿಗೆ ಕೂರಿಸಿಕೊಂಡು ಮಾತನಾಡಿಸಿದ್ದೇನೆ. ಹತ್ತು ನಿಮಿಷ ಮಾತನಾಡಿದರೆ ಆ ವ್ಯಕ್ತಿ ಎಂಥವರು ಎಂಬುದು ತಿಳಿದುಬಿಡುತ್ತದೆ. ಬಿಡುವಿನ ಬಗ್ಗೆ ನಾನೂ ಕೇಳುತ್ತಿದ್ದೆ. ಉತ್ತರಕ್ಕಿಂತ ಉತ್ತರಿಸುವ ರೀತಿ ನನಗೆ ಮುಖ್ಯವಾಗಿತ್ತು. ನಮ್ಮ ಸಹೋದರಿ ಧೈರ್ಯವಾಗಿ ಉತ್ತರಿಸಿದ್ದರೆ ಆ ಕೆಲಸ ಸಿಗುತ್ತಿತ್ತು ಎಂದು ನನಗನ್ನಿಸುತ್ತದೆ.

ಕೋಡ್ ಬರೆಯುವವಳು:
ಸರ್, ತಂದೆಯನ್ನು ಕಳೆದುಕೊಂಡು ಆರು ತಿಂಗಳಾದವರ ಗಂಟಲು ಕಟ್ಟಿದರೆ ಅದರಿಂದ ಅವರ ಲೆಕ್ಕಪತ್ರದ ಜ್ಞಾನದ ಬಗ್ಗೆ ಏನು ತಿಳಿಯುತ್ತದೆ?

ಅಂಕಿಅಂಶದ ಓದುಗ:
ನಿವೃತ್ತ ವ್ಯವಸ್ಥಾಪಕರೇ, ತಮ್ಮ ಅನುಭವವನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ. ಆದರೆ ‘ಮಾತನಾಡಿಸಿದರೆ ತಿಳಿಯುತ್ತದೆ’ ಎಂಬ ನಂಬಿಕೆಯನ್ನೇ ಪರೀಕ್ಷೆಗೆ ಒಡ್ಡಿದ ಪ್ರಯೋಗವೊಂದು 2013ರಲ್ಲಿ ಪ್ರಕಟವಾಗಿದೆ. ವಿದ್ಯಾರ್ಥಿಗಳು ಇತರ ವಿದ್ಯಾರ್ಥಿಗಳನ್ನು ಸಂದರ್ಶಿಸಿ ಅವರ ಮುಂದಿನ ಅಂಕಗಳನ್ನು ಊಹಿಸಬೇಕಿತ್ತು. ಹಿಂದಿನ ಅಂಕಗಳನ್ನು ಮಾತ್ರ ನೋಡಿ ಊಹಿಸಿದಾಗ ಊಹೆ ಹೆಚ್ಚು ನಿಖರವಾಗಿತ್ತು, ಸಂದರ್ಶನವೂ ಸೇರಿದಾಗ ಅದು ಹದಗೆಟ್ಟಿತು. ಇನ್ನೂ ಆಶ್ಚರ್ಯದ ಸಂಗತಿಯೆಂದರೆ, ಕೆಲವು ಸಂದರ್ಶನಗಳಲ್ಲಿ ಅಭ್ಯರ್ಥಿಗಳು ಗುಟ್ಟಾಗಿ ಒಂದು ನಿಯಮ ಹಿಡಿದು, ಪ್ರಶ್ನೆಗೂ ಉತ್ತರಕ್ಕೂ ಸಂಬಂಧವಿಲ್ಲದಂತೆ ‘ಹೌದು’, ‘ಇಲ್ಲ’ ಎನ್ನುತ್ತಿದ್ದರು. ಸಂದರ್ಶಕರಿಗೆ ಅದು ಗೊತ್ತಾಗಲಿಲ್ಲ. ಎದುರಿಗಿದ್ದವರನ್ನು ಚೆನ್ನಾಗಿ ಅರಿತುಕೊಂಡೆವು ಎಂಬ ಭಾವನೆ ಅವರಲ್ಲಿ ಸ್ವಲ್ಪವೂ ಕುಗ್ಗಲಿಲ್ಲ.

ದಶಕಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ 2022ರಲ್ಲಿ ನಡೆದ ಮರುವಿಶ್ಲೇಷಣೆಯೂ ಇದೆ. ಎಲ್ಲರಿಗೂ ಅವೇ ಪ್ರಶ್ನೆ ಕೇಳಿ, ಮೊದಲೇ ನಿಗದಿಪಡಿಸಿದ ಮಾನದಂಡದಂತೆ ಅಂಕ ಕೊಡುವ ಸಂದರ್ಶನಕ್ಕೂ ಮುಂದಿನ ಕಾರ್ಯಕ್ಷಮತೆಗೂ ಇರುವ ಸಹಸಂಬಂಧ (0 ಎಂದರೆ ನಂಟೇ ಇಲ್ಲ, 1 ಎಂದರೆ ಪೂರ್ಣ ನಂಟು) 0.42 ಎಂದೂ, ಮನಸ್ಸಿಗೆ ಬಂದಂತೆ ಮಾತನಾಡಿಸುವ ಸಂದರ್ಶನಕ್ಕೆ ಅದು 0.19 ಎಂದೂ ಅದು ಅಂದಾಜಿಸುತ್ತದೆ. ಪೆನ್ಸಿಲ್‌ನಿಂದ ಸುತ್ತು ಹಾಕಿ ಮೌನವಾಗಿ ಕೂರುವುದು ಯಾವ ಬಗೆಗೆ ಸೇರುತ್ತದೆ ಎಂಬುದನ್ನು ತಾವೇ ಹೇಳಬೇಕು.

ನಿವೃತ್ತ ವ್ಯವಸ್ಥಾಪಕ:
ಎರಡು ದಿನ ಯೋಚಿಸಿ ಉತ್ತರಿಸುತ್ತಿದ್ದೇನೆ. ನಾನು ಆರಿಸಿದವರಲ್ಲಿ ಚೆನ್ನಾಗಿ ಕೆಲಸ ಮಾಡಿದವರ ಹೆಸರುಗಳೆಲ್ಲ ನೆನಪಿಗೆ ಬಂದವು. ನಾನು ಬೇಡವೆಂದು ಕಳುಹಿಸಿದವರು ಮುಂದೆ ಏನಾದರು ಎಂಬುದು ಒಬ್ಬರ ವಿಷಯದಲ್ಲಿ ಮಾತ್ರ ಗೊತ್ತು. ಆಕೆ ಬೇರೆ ಸಂಸ್ಥೆ ಸೇರಿ, ಆರು ವರ್ಷದ ನಂತರ ನಮ್ಮ ಪುಸ್ತಕಗಳನ್ನು ತಪಾಸಣೆ ಮಾಡಲು ಬಂದ ಲೆಕ್ಕ ಪರಿಶೋಧಕರ ತಂಡದ ಮುಖ್ಯಸ್ಥೆಯಾಗಿದ್ದರು. ನಮ್ಮ ದಾಸ್ತಾನಿನ ಲೆಕ್ಕದಲ್ಲಿ ಎರಡು ವರ್ಷದಿಂದ ಉಳಿದುಕೊಂಡಿದ್ದ ತಪ್ಪನ್ನು ಮೊದಲ ದಿನವೇ ಕಂಡುಹಿಡಿದರು. ಆಕೆಯನ್ನು ಏಕೆ ಬೇಡವೆಂದಿದ್ದೆ ಎಂದು ನೆನಪಿಸಿಕೊಂಡರೆ, ‘ಮಾತು ಕಡಿಮೆ’ ಎಂಬುದಷ್ಟೇ ಕಾರಣವಾಗಿತ್ತು. ಎಲ್ಲರಿಗೂ ಅವೇ ಪ್ರಶ್ನೆ ಕೇಳಬೇಕೆಂಬುದನ್ನು ಒಪ್ಪುತ್ತೇನೆ. ಆದರೆ ಬಿಡುವಿನ ಬಗ್ಗೆ ಕೇಳುವುದೇ ತಪ್ಪೆಂದರೆ ಒಪ್ಪಲಾರೆ. ಕೇಳಬೇಕು, ಬಾಯಿಬಿಟ್ಟು ಮರ್ಯಾದೆಯಿಂದ ಕೇಳಬೇಕು.

ನೇಮಕಾತಿ ವಿಭಾಗದಿಂದ:
ಈ ಕೊನೆಯ ಮಾತು ನನಗೆ ಬಹಳ ಹಿಡಿಸಿತು. ಬಿಡುವನ್ನು ಕಂಡಾಗ ಸಂಸ್ಥೆಯವರ ಮನಸ್ಸಿನಲ್ಲಿ ಏಳುವುದು ಎರಡು ಅನುಮಾನ. ಕೈಯಲ್ಲಿದ್ದ ಕೆಲಸ ಮರೆತುಹೋಗಿದೆಯೇ? ಅದೇ ಕಾರಣಕ್ಕೆ ಇವರು ಮತ್ತೆ ಬಿಟ್ಟುಹೋಗಬಹುದೇ? ನೀವು ಆರೇಳು ನಿಮಿಷ ಮಾತನಾಡಿದಿರಿ ಎಂದಿರಿ ಮೇಡಂ, ಆ ಮಾತಿನಲ್ಲಿ ಇವೆರಡಕ್ಕೂ ಉತ್ತರ ಇತ್ತೇ ಎಂದು ಒಮ್ಮೆ ನೆನಪಿಸಿಕೊಳ್ಳಿ. ‘ತಂದೆಯವರ ಆರೈಕೆಗಾಗಿ ಕೆಲಸ ಬಿಟ್ಟಿದ್ದೆ. ಆ ಜವಾಬ್ದಾರಿ ಈಗ ಮುಗಿದಿದೆ. ಈ ಅವಧಿಯಲ್ಲಿ ಇಂಥದ್ದನ್ನು ಮಾಡಿ ಕೆಲಸದ ಅಭ್ಯಾಸ ಉಳಿಸಿಕೊಂಡಿದ್ದೇನೆ.’ ಇಷ್ಟು ಹೇಳಿ ನಿಲ್ಲಿಸಿ. ಕಾಯಿಲೆಯ ವಿವರ ಅವರಿಗೆ ಬೇಕಿಲ್ಲ, ಅದನ್ನು ಅವರಿಗೆ ಒಪ್ಪಿಸುವ ಅಗತ್ಯ ನಿಮಗೂ ಇಲ್ಲ. ಮೌನಕ್ಕೆ ಹೆದರಿ ಮಾತು ಬೆಳೆಸಬೇಡಿ. ಮನೆಯಲ್ಲಿ ಜೋರಾಗಿ ಹತ್ತಿಪ್ಪತ್ತು ಸಲ ಹೇಳಿ ಅಭ್ಯಾಸ ಮಾಡಿದರೆ ಗಂಟಲು ಕಟ್ಟುವುದೂ ಕಡಿಮೆಯಾಗುತ್ತದೆ.

ಮೂರನೆಯ ವಾಕ್ಯಕ್ಕೆ ನಿಮ್ಮ ಬಳಿ ಏನಿದೆ?

ಲೆಕ್ಕದ ಮೇಜು:
ಎಲ್ಲರ ಉತ್ತರಗಳನ್ನೂ ಎರಡೆರಡು ಸಲ ಓದಿದೆ. ಆ ಆರೇಳು ನಿಮಿಷದಲ್ಲಿ ನಾನು ಆಸ್ಪತ್ರೆಯ ವಿಷಯವನ್ನೇ ಹೇಳಿದ್ದೆ. ಜವಾಬ್ದಾರಿ ಮುಗಿದಿದೆ ಎಂಬ ಒಂದು ಮಾತನ್ನು ಹೇಳಿರಲೇ ಇಲ್ಲ. ಅದನ್ನು ಬಾಯಿಬಿಟ್ಟು ಹೇಳುವುದು ನನಗೆ ಇನ್ನೂ ಕಷ್ಟವೇ.

ಮೂರನೆಯ ವಾಕ್ಯಕ್ಕೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಪರಿಚಿತರೊಬ್ಬರ ಸಣ್ಣ ವ್ಯಾಪಾರದ ಲೆಕ್ಕವನ್ನು ತಂದೆ ಮಲಗಿದ ಮೇಲೆ ರಾತ್ರಿ ಹೊತ್ತು ಹದಿನಾಲ್ಕು ತಿಂಗಳು ನೋಡಿಕೊಂಡಿದ್ದೆ. ಸಂಬಳ ಪಡೆದಿರಲಿಲ್ಲವಾದ್ದರಿಂದ ರೆಸ್ಯೂಮ್‌ನಲ್ಲಿ ಬರೆದಿಲ್ಲ.

ಎರಡನೇ ಇನ್ನಿಂಗ್ಸ್:
ಹದಿನಾಲ್ಕು ತಿಂಗಳು! ಇದನ್ನು ಬಿಟ್ಟು ಖಾಲಿ ಜಾಗ ತೋರಿಸುತ್ತಿದ್ದಿರಾ?

ಕೋಡ್ ಬರೆಯುವವಳು:
ಲೆಕ್ಕ ನೋಡಿಕೊಂಡೆ ಎಂದರೆ ನಿಖರವಾಗಿ ಏನೇನು ಮಾಡಿದಿರಿ? ದಯವಿಟ್ಟು ಸಂಕೋಚಪಡದೆ ಹೇಳಿ.

ಲೆಕ್ಕದ ಮೇಜು:
ಮೊದಲು ಅವರ ಬಳಿ ಇದ್ದದ್ದು ಒಂದು ರಟ್ಟಿನ ಪೆಟ್ಟಿಗೆಯ ತುಂಬ ಬಿಲ್ಲು, ರಸೀದಿಗಳು ಮಾತ್ರ. ಅವುಗಳನ್ನು ತಿಂಗಳುವಾರು ವಿಂಗಡಿಸಿ ತಂತ್ರಾಂಶಕ್ಕೆ ಏರಿಸಿದೆ. ಯಾರಿಂದ ಎಷ್ಟು ದಿನದ ಬಾಕಿ ಬರಬೇಕು ಎಂಬ ಪಟ್ಟಿಯನ್ನು ಪ್ರತಿ ವಾರ ಮಾಡಿಕೊಡುತ್ತಿದ್ದೆ. ನಾನು ಶುರು ಮಾಡಿದಾಗ ಅವರಿಗೆ ಹಣ ಬರಲು ಸರಾಸರಿ 63 ದಿನ ಹಿಡಿಯುತ್ತಿತ್ತು, ಬಿಡುವ ಹೊತ್ತಿಗೆ ಅದು 41 ದಿನಕ್ಕೆ ಇಳಿದಿತ್ತು. ಪ್ರತಿ ತಿಂಗಳು ಬ್ಯಾಂಕ್ ತಾಳೆ ನೋಡುತ್ತಿದ್ದೆ.

ನಿವೃತ್ತ ವ್ಯವಸ್ಥಾಪಕ:
ಅಮ್ಮಾ, 63ರಿಂದ 41ಕ್ಕೆ ಇಳಿಸಿದ್ದೇನೆ ಎಂದು ಯಾರಾದರೂ ನನ್ನೆದುರು ಹೇಳಿದ್ದರೆ ಬಿಡುವಿನ ಮಾತೇ ನನಗೆ ನೆನಪಾಗುತ್ತಿರಲಿಲ್ಲ. ‘ಹೇಗೆ ಇಳಿಸಿದಿರಿ’ ಎಂದೇ ಕೇಳುತ್ತಿದ್ದೆ.

ಹೊಸ ಪದವೀಧರ:
ಹಾಗಾದರೆ ಇದನ್ನು ‘ಸ್ವತಂತ್ರ ಸಲಹೆಗಾರ್ತಿ’ ಎಂದೇ ಬರೆಯಬಹುದಲ್ಲವೇ? ಇದು ಸುಳ್ಳೇನೂ ಅಲ್ಲ.

ನೇಮಕಾತಿ ವಿಭಾಗದಿಂದ:
ಬೇಡ. ಸಲಹೆಗಾರ್ತಿ ಎಂದರೆ ಎಷ್ಟು ಗ್ರಾಹಕರಿದ್ದರು, ಶುಲ್ಕ ಎಷ್ಟಿತ್ತು ಎಂಬ ಪ್ರಶ್ನೆಗಳು ಬರುತ್ತವೆ. ಮಾಡಿದ ಕೆಲಸದ ಹೆಸರನ್ನೇ ಬರೆದು, ಅರೆಕಾಲಿಕ, ಸಂಬಳರಹಿತ ಎಂದು ಸೇರಿಸಿದರೆ ಯಾರೂ ಆಕ್ಷೇಪಿಸಲಾರರು. ಆ ವ್ಯಾಪಾರಿಯವರು ಕರೆ ಬಂದರೆ ಮಾತನಾಡಲು ಒಪ್ಪುತ್ತಾರೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಲೆಕ್ಕದ ಮೇಜು:
ಕೇಳಿದೆ, ಸಂತೋಷದಿಂದ ಒಪ್ಪಿದರು. ಹೊಸದಾಗಿ ಬರೆದ ಭಾಗವನ್ನು ಇಲ್ಲಿ ಹಾಕುತ್ತಿದ್ದೇನೆ, ತಪ್ಪಿದ್ದರೆ ತಿದ್ದಿ:

‘ಲೆಕ್ಕಪತ್ರ ನಿರ್ವಹಣೆ, ಸಣ್ಣ ವ್ಯಾಪಾರ ಸಂಸ್ಥೆ (ಅರೆಕಾಲಿಕ, ಸಂಬಳರಹಿತ): 14 ತಿಂಗಳು. ಬಿಲ್ಲುಗಳನ್ನು ವಿಂಗಡಿಸಿ ಲೆಕ್ಕವನ್ನು ತಂತ್ರಾಂಶಕ್ಕೆ ವರ್ಗಾಯಿಸಿದ್ದು. ಪ್ರತಿ ತಿಂಗಳು ಬ್ಯಾಂಕ್ ತಾಳೆ. ವಾರದ ಬಾಕಿ ಪಟ್ಟಿಯ ಮೂಲಕ ವಸೂಲಿ ಅವಧಿಯನ್ನು ಸರಾಸರಿ 63 ದಿನದಿಂದ 41 ದಿನಕ್ಕೆ ಇಳಿಸಿದ್ದು.

ಹಿರಿಯ ಲೆಕ್ಕಪತ್ರ ಸಹಾಯಕಿ: 5 ವರ್ಷ. ಲೆಕ್ಕಪತ್ರ ಸಹಾಯಕಿ: 4 ವರ್ಷ.’

ಆರೈಕೆಯ ವಿಷಯವನ್ನು ರೆಸ್ಯೂಮ್‌ನಲ್ಲಿ ಬರೆದಿಲ್ಲ, ಕೇಳಿದರೆ ಆ ಮೂರು ವಾಕ್ಯ ಹೇಳುತ್ತೇನೆ. ಹಳೆಯ ಟೆಸ್ಟರ್ ಅವರು ಬೇಸರಪಟ್ಟುಕೊಳ್ಳಬಾರದು.

ಹಳೆಯ ಟೆಸ್ಟರ್, ಇಬ್ಬರ ತಾಯಿ:
ಬೇಸರವೇನೂ ಇಲ್ಲ. ನನ್ನ ಅಭಿಪ್ರಾಯ ಬದಲಾಗಿಲ್ಲವಾದರೂ, ಕೆಲಸ ಬೇಕಾಗಿರುವವರ ಹೆಗಲ ಮೇಲೆಯೇ ಸಮಾಜವನ್ನು ತಿದ್ದುವ ಭಾರವನ್ನೂ ಹೊರಿಸುವುದು ನ್ಯಾಯವಲ್ಲ ಎಂದು ಈಗ ಅನ್ನಿಸುತ್ತಿದೆ. ನಾನು ಈಗ ಸಂದರ್ಶಕರ ತಂಡದಲ್ಲಿದ್ದೇನೆ. ಬಿಡುವಿನ ಪ್ರಶ್ನೆಗೆ ಅಂಕವಿಲ್ಲ ಎಂಬ ನಿಯಮವನ್ನು ನಮ್ಮ ಅಂಕಪಟ್ಟಿಯಲ್ಲಿ ಸೇರಿಸಬೇಕೆಂದು ಸೋಮವಾರದ ಸಭೆಯಲ್ಲಿ ಕೇಳುತ್ತೇನೆ.

ನೇಮಕಾತಿ ವಿಭಾಗದಿಂದ:
ಒಂದೇ ತಿದ್ದುಪಡಿ. ‘ಬಿಲ್ಲುಗಳನ್ನು ವಿಂಗಡಿಸಿ’ ಎಂಬುದರ ಜಾಗದಲ್ಲಿ ಎಷ್ಟು ತಿಂಗಳ ಬಿಲ್ಲು, ಸುಮಾರು ಎಷ್ಟು ಎಂದು ಬರೆಯಿರಿ. ಮತ್ತು 63ರಿಂದ 41ರ ಸಾಲನ್ನು ಎಲ್ಲಕ್ಕಿಂತ ಮೇಲಕ್ಕೆ ತನ್ನಿ.

ಲೆಕ್ಕದ ಮೇಜು:
ಹತ್ತೊಂಬತ್ತು ತಿಂಗಳದ್ದು, ಸುಮಾರು 2,300 ಬಿಲ್ಲು. ತಿದ್ದಿದೆ. ಇವತ್ತು ಎರಡು ಕಡೆಗೆ ಕಳುಹಿಸಿದ್ದೇನೆ.